ಗೆದ್ದಲು ಆಂಟಿ

ಅವರ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಬರೆಯಲೇ ಎಂದು ಫೋನ್ ಮಾಡಿ ಕೇಳಿದ್ದಕ್ಕೆ, "ಬ್ಯಾಡವಾ ತಂಗಿ. ಹೆಸರು ಹಾಕಿದಿ ಅಂದರ ಮಂದಿ ಮತ್ತ ಫೋನ್ ಹಚ್ಚತಾರ. ಒಬ್ಬರ ಬಾತ್‌ರೂಮಿನಾಗ ಹುಳ, ಇನ್ನೊಬ್ಬರ ಗ್ಯಾರೇಜಿನಾಗ ಹುಳ. ನಾ ರಿಟೈರ್ ಆಗೇನಿ" ಎಂದರು. ಮರುಕ್ಷಣವೇ, "ಯಾಕ, ಯಾರದರ ಮನ್ಯಾಗ ಹುಳ ಬಿದ್ದಾವೇನು?" ಎಂದು ಕೇಳಿದರು. ಆ ದನಿಯಲ್ಲಿ ಆಸೆಯಿತ್ತು.

ಹ್ಯೂಸ್ಟನ್ನಿನಿಂದ ಡಾಲಸ್‌ವರೆಗೆ ಕನ್ನಡದವರೆಲ್ಲ ಅವರನ್ನು ಕರೆಯುವುದು 'ಗೆದ್ದಲು ಆಂಟಿ' ಎಂದೇ. ಎದುರಿಗೆ ಹಾಗೆ ಕರೆದರೂ ಬೇಸರಪಡುವವರಲ್ಲ. ಧಾರವಾಡದಲ್ಲಿ ಕೀಟಗಳ ವಿಷಯವಾಗಿಯೇ ಎಂ.ಎಸ್ಸಿ. ಮಾಡಿ, ಎಂಜಿನಿಯರ್ ಒಬ್ಬರನ್ನು ಮದುವೆಯಾಗಿ ಹ್ಯೂಸ್ಟನ್ ಬಳಿಯ ಕ್ಲಿಯರ್ ಲೇಕಿಗೆ ಬಂದವರು. ಎಷ್ಟೋ ವರ್ಷ ಆ ಓದು ಪೆಟ್ಟಿಗೆಯಲ್ಲೇ ಇತ್ತು. ಒಮ್ಮೆ ಅವರ ಸ್ವಂತ ಮನೆಗೇ ಗೆದ್ದಲು ಹತ್ತಿ, ನೋಡಲು ಬಂದ ಹುಳು ತೆಗೆಯುವ ಕಂಪನಿಯವನ ಹಿಂದೆಯೇ ಇವರೂ ಗೋಡೆಯಿಂದ ಗೋಡೆಗೆ ಸುತ್ತಿದರಂತೆ. ಸಂಜೆಯ ಹೊತ್ತಿಗೆ ಇವರು ಹೇಳುವವರು, ಅವನು ಕೇಳುವವನು ಎಂಬಂತಾಗಿತ್ತು. ಮುಂದಿನ ವರ್ಷವೇ ಪರೀಕ್ಷೆ ಕಟ್ಟಿ ಕೀಟ ನಿವಾರಣೆಯ ಲೈಸೆನ್ಸ್ ತೆಗೆದುಕೊಂಡರು. ಅಂದಿನಿಂದ ಒಂದು ಹಳೆಯ ಪಿಕಪ್ ಟ್ರಕ್ಕು, ಒಬ್ಬರೇ ಕೆಲಸ. ಯಜಮಾನರು ಮಾತ್ರ ಬಹಳ ಕಾಲ ಪಾರ್ಟಿಗಳಲ್ಲಿ "ಕನ್ಸಲ್ಟಿಂಗ್ ಮಾಡ್ತಾಳೆ" ಎಂದೇ ಹೇಳಿ ಮಾತು ತಿರುಗಿಸುತ್ತಿದ್ದರಂತೆ.

ಅವರ ವ್ಯಾನಿಟಿ ಬ್ಯಾಗಿನಲ್ಲಿ ಕುಂಕುಮದ ಭರಣಿಯ ಪಕ್ಕದಲ್ಲಿ ಒಂದು ಮೋಟು ಸ್ಕ್ರೂಡ್ರೈವರ್ ಇರುತ್ತಿತ್ತು. ಮರ ಚುಚ್ಚಿ ಚುಚ್ಚಿ ಅದರ ಮೊನೆ ದುಂಡಗಾಗಿತ್ತು. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಗೋಡೆಯ ಬುಡ ನೋಡುವರು, ಆಮೇಲೆ ಮನೆಯವರ ಮುಖ. ದೇವಸ್ಥಾನದಲ್ಲಿ ಒಂದು ಸಲ ಮರದ ಮಂಟಪದ ಕಾಲಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿ ನಿಂತಿದ್ದರಂತೆ. ಇದೇನೋ ಹೊಸ ಸೇವೆ ಎಂದುಕೊಂಡು ಹಿಂದಿದ್ದ ಇಬ್ಬರು ಹೆಂಗಸರೂ ಬಂದು ಕಿವಿ ಹಚ್ಚಿದರು. "ಕೇಳಸ್ತದೇನ್ರಿ?" ಎಂದು ಇವರು ಪಿಸುಗುಟ್ಟಿದರು. ಒಬ್ಬಾಕೆ ಭಕ್ತಿಯಿಂದ, "ಹೌದು, ಓಂಕಾರದ ಹಾಗೆ" ಎಂದರು. "ಓಂಕಾರ ಅಲ್ರೀ. ಅವುಗಳ ಊಟ ನಡದದ."

ಈ ಕತೆಗಳೆಲ್ಲ ನನಗೆ ತಿಳಿದದ್ದು ಆಮೇಲೆ. ಅವರು ನನ್ನ ಬದುಕಿನೊಳಕ್ಕೆ ಬಂದದ್ದು ಎರಡು ವರ್ಷದ ಹಿಂದಿನ ಏಪ್ರಿಲ್‌ನಲ್ಲಿ, ಇನ್ನೇನು ನನ್ನ ಮನೆ ಕೈಬಿಟ್ಟು ಹೋಯಿತು ಎನ್ನುವ ವಾರದಲ್ಲಿ.

ನನ್ನದು ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನ ಅಂಚಿನಲ್ಲಿರುವ ಮೊಬೈಲ್ ಹೋಮ್. ಕಾರ್ಖಾನೆಯಲ್ಲಿ ಕಟ್ಟಿ, ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿ, ಲಾರಿಗೆ ಕಟ್ಟಿ ಎಳೆದು ತಂದು, ಕಾಂಕ್ರೀಟ್ ಇಟ್ಟಿಗೆಗಳ ಕಂಬದ ಮೇಲೆ ನಿಲ್ಲಿಸಿದ ಉದ್ದನೆಯ ಮನೆ. ಮನೆಯ ತಳಕ್ಕೂ ನೆಲಕ್ಕೂ ನಡುವೆ ಎರಡು ಎರಡೂವರೆ ಅಡಿ ಖಾಲಿ ಜಾಗ. ಅದು ಕಾಣದಂತೆ ಸುತ್ತಲೂ ಹಲಗೆ ಕಟ್ಟಿರುತ್ತಾರೆ, ಅದಕ್ಕೆ ಸ್ಕರ್ಟಿಂಗ್ ಎನ್ನುತ್ತಾರೆ. ಅಮ್ಮ ಮೊದಲ ದಿನ ಅದನ್ನು ನೋಡಿ, "ಮನೆಗೂ ಲಂಗ ಉಡಿಸಿದಾರಲ್ಲೇ!" ಎಂದು ನಕ್ಕಿದ್ದಳು.

ಡಾಲಸ್ ಬಳಿಯ ಸೌತ್‌ಲೇಕಿನಲ್ಲಿ ದೊಡ್ಡ ಮನೆ ಇರುವ ನನ್ನ ಅಣ್ಣನಿಗೆ ಇದು ಡಬ್ಬಿ. ನನಗೋ ನನ್ನ ಹೆಸರಿನಲ್ಲಿರುವ ಮೊದಲ ಬಾಗಿಲು. ಮದುವೆ ಮುರಿದ ಮೇಲೆ ಏಳು ತಿಂಗಳು ಅಣ್ಣನ ಮನೆಯ ಮಹಡಿಯ ರೂಮಿನಲ್ಲಿದ್ದೆ. ಅಣ್ಣ ಅತ್ತಿಗೆ ಒಂದು ದಿನವೂ ಒರಟು ಮಾತಾಡಲಿಲ್ಲ. ಆದರೆ ಬೆಳಗ್ಗೆ ನಾನು ಮೆಟ್ಟಿಲಿಳಿಯುವ ಸದ್ದಿಗೆ ಕೆಳಗೆ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು. ಆಸ್ಟಿನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ್ದೇ ಈ ಮನೆ ಕೊಂಡೆ. ಒಂದು ವರ್ಷಕ್ಕೆ ಅಮ್ಮ, "ಅಲ್ಲಿ ನನಗೆ ಮಾಡೋಕೇನೂ ಇಲ್ಲ ಕಣೇ" ಎಂದು ಅಣ್ಣನ ಮನೆಯಿಂದ ನನ್ನ ಹತ್ತಿರ ಬಂದುಬಿಟ್ಟಳು. ಬಂದ ವಾರದಲ್ಲೇ ಅಡುಗೆಮನೆಯ ಕಡೆಯ ಸ್ಕರ್ಟಿಂಗಿಗೆ ಒತ್ತಿಕೊಂಡಂತೆ ಮಣ್ಣು ಏರಿಸಿ, ಮರದ ತೊಗಟೆಯ ಚೂರು ಹಾಸಿ ಬಸಳೆ ಹಬ್ಬಿಸಿದಳು. ಮೂರು ವರ್ಷ ಬೆಳಗ್ಗೆ ಸಂಜೆ ನೀರು. ನಮ್ಮ ಬಸಳೆ ಆಸ್ಟಿನ್ನಿನ ಹತ್ತು ಮನೆಗೆ ಹೋಗುತ್ತಿತ್ತು.

ಆ ಏಪ್ರಿಲ್‌ನ ಒಂದು ಬೆಳಗ್ಗೆ ಅಮ್ಮ ಸೊಪ್ಪು ಕೊಯ್ಯುತ್ತ ಆಸರೆಗೆಂದು ಸ್ಕರ್ಟಿಂಗಿನ ಚೌಕಟ್ಟಿಗೆ ಕೈಯೂರಿದಳು. ಅದು ಹಪ್ಪಳದಂತೆ ಮುರಿದು ಕೈ ಒಳಗೆ ಹೋಯಿತು. ಓಡಿ ಬಂದು ನೋಡಿದೆ. ಮರದ ಹೊರಮೈ ಮಾತ್ರ ಇತ್ತು, ಒಳಗೆಲ್ಲ ಒದ್ದೆ ಮಣ್ಣು. ಅದರಲ್ಲಿ ಅಕ್ಕಿನುಚ್ಚಿನಂಥ ಬಿಳಿ ಹುಳುಗಳು ಬೆಳಕಿಗೆ ಬೆದರಿ ಹರಿದಾಡುತ್ತಿದ್ದವು.

ಮನೆ ನನ್ನದಾದರೂ ಅದು ನಿಂತ ಜಾಗ ಬಾಡಿಗೆಯದು. ಜಾಗದ ಮ್ಯಾನೇಜರ್ ಎರಡೇ ದಿನದಲ್ಲಿ ಬಾಗಿಲಿಗೆ ನೋಟಿಸ್ ಅಂಟಿಸಿದಳು: ಹದಿನಾಲ್ಕು ದಿನದೊಳಗೆ ಸ್ಕರ್ಟಿಂಗ್ ಸರಿಯಾಗಬೇಕು, ಇಲ್ಲವಾದರೆ ಕರಾರು ಮುಂದುವರಿಯುವುದಿಲ್ಲ. ಗೆದ್ದಲು ತೆಗೆಯುವ ಯಾವುದೋ ಕಂಪನಿಯವನನ್ನು ಕರೆಸಿದೆ. ಅವನು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಂದು, ಎರಡು ಕಡೆ ತಟ್ಟಿ, ಟಾರ್ಚು ಬಿಟ್ಟು ಇಣುಕಿ, ಮನೆಯ ನೆಲವೆಲ್ಲ ಹೋಗಿದೆ, ಇವತ್ತೇ ಸಹಿ ಹಾಕಿದರೆ ಏನಾದರೂ ಮಾಡಬಹುದು, ಇಲ್ಲವಾದರೆ ಮನೆಯ ಆಸೆ ಬಿಟ್ಟುಬಿಡಿ ಎಂದ. ಯೋಚಿಸಿ ಹೇಳುತ್ತೇನೆಂದು ಕಳಿಸಿದೆ.

ಅಣ್ಣ ಫೋನಿನಲ್ಲಿ, "ಸಾಕು ಬಿಡೇ ಆ ಡಬ್ಬಿ. ಶನಿವಾರ ಬರ್ತೀನಿ, ಇಬ್ಬರೂ ಪ್ಯಾಕ್ ಮಾಡ್ಕೊಂಡು ರೆಡಿ ಇರಿ. ಮೇಲ್ಗಡೆ ರೂಮ್ ಹಾಗೇ ಇದೆ" ಎಂದ. ಆ ರೂಮ್ ಹಾಗೇ ಇದೆ ಎಂಬ ಮಾತು ಕೇಳಿದ್ದೇ ಫೋನ್ ಇಟ್ಟುಬಿಟ್ಟೆ.

ಅಂದೇ ಆಸ್ಟಿನ್ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಐದು ನಿಮಿಷದಲ್ಲಿ ಮೂರು ಜನ ಒಂದೇ ನಂಬರ್ ಕಳಿಸಿದರು. ಫೋನ್ ಎತ್ತಿದವರಿಗೆ ನಡೆದದ್ದನ್ನು ಹೇಳಿದೆ. ಅವರು ನನ್ನ ಊರು ಹೆಸರು ಏನನ್ನೂ ಕೇಳಲಿಲ್ಲ.

"ಕಟಗಿ ಮುರದಾಗ ಒಳಗ ಮಣ್ಣಿತ್ತೋ, ಬರೇ ಹುಡಿ ಇತ್ತೋ?"

"ಮಣ್ಣು ಆಂಟಿ. ಒದ್ದೆ ಮಣ್ಣು."

"ಛಲೋ ಆತು! ನೆಲದಿಂದ ಬಂದಾವ. ನೆಲದಿಂದ ಬಂದವಕ್ಕ ಹಾದಿ ಇರ್ತದ, ಹಾದಿ ಇದ್ದರ ತಡೀಲಿಕ್ಕೆ ಬರ್ತದ. ಅಡ್ರೆಸ್ ಕಳಸು, ಶನಿವಾರ ಮುಂಜಾನೆ ಎಂಟಕ್ಕ ಬರ್ತೀನಿ. ಏನೂ ಮುಟ್ಟಬ್ಯಾಡ್ರಿ. ಯಾವ ಕಾಗದಕ್ಕೂ ಸೈ ಮಾಡಬ್ಯಾಡ, ತಂಗಿ."

ಮನೆಗೆ ಬೆಂಕಿ ಬಿದ್ದಂತೆ ನಾನು ಕೂತಿದ್ದರೆ, ಆ ಕಡೆಯವರು ಮದುವೆಗೆ ಕರೆದಷ್ಟು ಸಂಭ್ರಮದಲ್ಲಿದ್ದರು.

ಶನಿವಾರ ಎಂಟಕ್ಕೆ ಐದು ನಿಮಿಷವಿರುವಾಗಲೇ ಪಿಕಪ್ ಬಂದು ನಿಂತಿತು. ಇಳಿದವರಿಗೆ ಎಪ್ಪತ್ತರ ಹತ್ತಿರ. ಗಿಡ್ಡ ಆಳು. ನೀಲಿ ಕೆಲಸದ ಉಡುಪು, ಮಂಡಿಗೆ ದಪ್ಪ ಪಟ್ಟಿ, ಹಣೆಯಲ್ಲಿ ಕಾಸಗಲ ಕುಂಕುಮ. ಚಿನ್ನದ ಬಳೆಗಳನ್ನು ಮೊಣಕೈವರೆಗೆ ಏರಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಅಮ್ಮ ಕಾಫಿ ಲೋಟ ಹಿಡಿದು ಮೆಟ್ಟಿಲಲ್ಲಿ ನಿಂತಿದ್ದಳು. "ಮೊದಲ ಮನಿ ನೋಡ್ತೀನ್ರಿ ಅಕ್ಕಾರ, ಆಮ್ಯಾಲ ಕಾಫಿ" ಎಂದವರೇ ಒಂದು ಹಲಗೆ ತೆಗೆದು, ಹಣೆಗೆ ದೀಪ ಕಟ್ಟಿಕೊಂಡು ಮನೆಯಡಿ ತೂರಿ ಮಾಯವಾದರು.

"ಇಬ್ಬರೂ ಮನಿಯೊಳಗ ಹೋಗ್ರಿ! ನಾ ಬಡದಲ್ಲೆ ಬಂದ ನಿಂದರ್ರಿ!" ಎಂದು ಒಳಗಿನಿಂದಲೇ ಕೂಗಿದರು.

ನಾವು ಒಳಗೆ ಓಡಿದೆವು. ಕಾಲಡಿಯಿಂದ ಟಕ್, ಟಕ್ ಎಂದು ಸದ್ದು ಬಂತು. ಮಲಗುವ ಕೋಣೆಯ ಮೂಲೆಯಿಂದ ಶುರುವಾಗಿ, ಒಂದೊಂದು ತೊಲೆಗೂ ನಾಲ್ಕು ನಾಲ್ಕು ಏಟು. ಸದ್ದು ಮುಂದೆ ಹೋದಂತೆ ನಾನು, ಅಮ್ಮ ಚಪ್ಪಲಿಯಿಲ್ಲದ ಕಾಲಲ್ಲಿ ಮೇಲೆ ಮೇಲೆ ನಡೆದೆವು. ನಡುಮನೆ, ಊಟದ ಮೇಜು, ಬಟ್ಟೆ ಒಗೆಯುವ ಜಾಗ. ಎಲ್ಲ ಕಡೆಯೂ ಟಕ್, ಟಕ್. ಪ್ರತಿ ಏಟಿಗೂ ಅಮ್ಮ "ರಾಮ, ರಾಮ" ಎನ್ನುತ್ತಿದ್ದಳು. ಅಡುಗೆಮನೆಗೆ ಬಂದೆವು. ಟಕ್, ಟಕ್, ಟಕ್... ಬೊದ್.

ಸದ್ದು ನಿಂತಿತು.

"ತಂಗೀ, ಇಲ್ಲೆ ಮ್ಯಾಲ ಏನದ?"

"ಸಿಂಕ್ ಆಂಟಿ. ಹೊರಗಿನ ಗೋಡೆ ಪಕ್ಕ."

ಕಟ್ಟಿಗೆ ಸೀಳುವ ಕರಕರ ಸದ್ದಾಯಿತು. ಅಮ್ಮ ನನ್ನ ಕೈ ಹಿಡಿದುಕೊಂಡಳು, ಅವಳ ಉಗುರು ನನ್ನ ಅಂಗೈಗೆ ನಾಟಿತು. ಮತ್ತೆ ಒಂದು ಬೊದ್, ಇನ್ನೂ ಒಂದು. ಆಮೇಲೆ ಸ್ವಲ್ಪ ಒಳಗೆ ಸರಿದಂತೆ, ಟಕ್. ಅದರ ಪಕ್ಕ ಟಕ್. ಅದರಾಚೆ ಮತ್ತೆ ಗಟ್ಟಿಯಾಗಿ ಟಕ್, ಟಕ್, ಟಕ್. ನೆಲದಡಿಯಿಂದ ನಗು ಕೇಳಿಸಿತು.

ಹೊರಬಂದಾಗ ಅವರ ತಲೆ ತುಂಬ ಜೇಡರಬಲೆ. ಕಣ್ಣು ಮಿಂಚುತ್ತಿದ್ದವು. "ಸ್ಕರ್ಟಿಂಗಿನ ಚೌಕಟ್ಟ ಪೂರಾ ಹೋಗ್ಯದ, ಅದರ ಆಸೆ ಬ್ಯಾಡ. ಅಡಗಿಮನಿ ಅಂಚಿನ ತೊಲಿ ಒಂದು ಎರಡು ಮೊಳ ತಿಂದಾವ, ಅಷ್ಟು ಕೊಯ್ದು ಹೊಸಾದು ಕೂಡಸೋಣು. ಒಳಗಿನ ತೊಲಿ ಎಲ್ಲಾ ಕಬ್ಬಿಣ ಇದ್ದಂಗ ಅದಾವ. ಮಣ್ಣಿನ ಕೊಳವಿ ಕಟಗೊಂಡ ಒಳಗ ಹೊಂಟಿದ್ದವು, ಅರ್ಧ ಹಾದ್ಯಾಗ ಸಿಕ್ಕಾವ!"

"ನೆಲವೆಲ್ಲ ಹೋಗಿದೆ ಅಂದಿದ್ದನಲ್ಲ ಆಂಟಿ, ಅವನು?"

"ಅವನ ಮೊಣಕಾಲಿಗೆ ಮಣ್ಣ ಹತ್ತಿತ್ತೇನು?"

ನೆನೆಸಿಕೊಂಡೆ. ಪ್ಯಾಂಟಿನ ಗೆರೆ ಹೇಗಿತ್ತೋ ಹಾಗೇ ಇತ್ತು. "ಇಲ್ಲ."

"ಮತ್ತ ತಳ ಹೆಂಗ ನೋಡಿದ? ಹುಳ ಸುಳ್ಳ ಹೇಳೂದಿಲ್ಲವಾ, ಮಂದಿ ಹೇಳ್ತಾರ."

ನನಗೆ ಕೂಗಬೇಕೆನಿಸಿತು. ಕೂಗಿಯೂ ಬಿಟ್ಟೆ. ಪಕ್ಕದ ಮನೆಯ ನಾಯಿ ಬೊಗಳಿತು.

ಆದರೆ ಅಮ್ಮ ಬಸಳೆಯ ಮಡಿ ನೋಡುತ್ತ ನಿಂತಿದ್ದಳು. ಯಾರೂ ಹೇಳದೆ ಅವಳಿಗೆ ಹೊಳೆದುಹೋಗಿತ್ತು. "ನಾನೇ ಅಲ್ವೇನ್ರೀ? ಮಣ್ಣು ಒತ್ತರಿಸಿ, ದಿನಾ ನೀರು ಹಾಕಿ... ಮಗಳ ಮನೇನ ನಾನೇ ಹುಳಕ್ಕೆ ಬಡಿಸಿದೆ" ಎಂದಳು.

ಬೇರೆ ಯಾರಾದರೂ ಆಗಿದ್ದರೆ "ಛೆ ಛೆ, ಹಾಗೇನಿಲ್ಲ" ಎನ್ನುತ್ತಿದ್ದರು. ನಾನೂ ಅದನ್ನೇ ಹೇಳಲು ಬಾಯಿ ತೆರೆದಿದ್ದೆ. ಆಂಟಿ ಕೈಯ ಮಣ್ಣು ಒರೆಸಿಕೊಳ್ಳುತ್ತ ನೇರವಾಗಿ ಅಮ್ಮನ ಮುಖ ನೋಡಿದರು.

"ಹೌದ್ರಿ ಅಕ್ಕಾರ, ಹಾದಿ ನೀವು ತೋರಿಸಿದ್ರಿ. ಹಸಿ ಮಣ್ಣು, ಮ್ಯಾಲ ಕಟಗಿ, ನಡುವ ಸಂದಿಲ್ಲ. ಆದರ ಹುಳ ನೀವು ಕರದಿಲ್ಲ. ನಾವು ನೀವು ಬರೂಕ್ಕಿಂತ ಮೊದಲಿಂದ ಈ ಮಣ್ಣಾಗ ಅದಾವ. ನಿಮಗ ಗೊತ್ತಿದ್ದಿಲ್ಲ, ಈಗ ಗೊತ್ತಾತು. ಹಾದಿ ಹಾಕಿದವರ ಹಾದಿ ಮುಚ್ಚಬೇಕು. ಸಲಿಕಿ ಎಲ್ಲದ?"

ಅಮ್ಮ ಕಣ್ಣೊರೆಸಿಕೊಂಡು ಸಲಿಕೆ ತಂದಳು. ಅವಳು ಆ ದಿನ ಮಣ್ಣು ಎಳೆದ ರಭಸವನ್ನು ನಾನು ಮೊದಲೆಂದೂ ಕಂಡಿರಲಿಲ್ಲ. ಸಮಾಧಾನ ಹೇಳಿದ್ದರೆ ಅವಳು ವರ್ಷವಿಡೀ ಕೊರಗುತ್ತಿದ್ದಳು. ನಿಜ ಹೇಳಿ ಕೈಗೆ ಕೆಲಸ ಕೊಟ್ಟದ್ದರಿಂದ ಮಧ್ಯಾಹ್ನದ ಹೊತ್ತಿಗೆ ನಗುತ್ತಿದ್ದಳು.

ಹತ್ತು ಗಂಟೆಗೆ ಅಣ್ಣ ಬಂದ. ನಮ್ಮ ಪೆಟ್ಟಿಗೆ ತುಂಬಲು ಹಿಂದಿನ ಸೀಟು ಮಡಚಿದ ದೊಡ್ಡ ಗಾಡಿ, ಬಿಳಿ ಬೂಟು. "ಏನೇ ಇದು?" ಎನ್ನುವಷ್ಟರಲ್ಲಿ ಆಂಟಿ ಅವನ ಕೈಗೆ ಒಂದು ಹಾರೆ ಇಟ್ಟರು.

"ಅಣ್ಣನೇನು? ಛಲೋ ಆತು, ಎತ್ತರ ಇದ್ದೀಪಾ. ಆ ಹಲಗಿ ಮೀಟು."

ಅವನು ಮೀಟಿದ. ಹಲಗೆ ಕಳಚಿಬಿತ್ತು. ಅದರ ಹಿಂದಿನಿಂದ ಮಾರುದ್ದದ ಹಾವೊಂದು ಸರಸರನೆ ಹೊರಬಂದು, ಅವನ ಬಿಳಿ ಬೂಟಿನ ಮೇಲೇ ಹಾದು, ಬೇಲಿಯಾಚೆ ಹುಲ್ಲಿನಲ್ಲಿ ಮರೆಯಾಯಿತು. ಅಣ್ಣ ಯಾವಾಗ ಗಾಡಿಯ ಬಾನೆಟ್ ಏರಿದನೋ ಯಾರೂ ನೋಡಲಿಲ್ಲ. ಅಮ್ಮ ಕೈ ಮುಗಿದಳು. ಆಂಟಿ ಮಾತ್ರ ಕುಣಿಯುವುದೊಂದು ಬಾಕಿ. "ಇಲಿ ಹಿಡಿಯೂ ಹಾವು, ವಿಷ ಇಲ್ಲ. ಗೆದ್ದಲ ಕಟ್ಟಿದ ಮನ್ಯಾಗ ಹಾವು ಬಂದ ಇರ್ತದ ಅಂತ ನಮ್ಮ ಹಿರೇರು ಹೇಳಿದ್ದು ಟೆಕ್ಸಸ್ಸಿನಾಗೂ ಖರೇ ಆತು ನೋಡ್ರಿ! ಇಳಿಯಪಾ ಕೆಳಗ, ಹೋತದು."

ಅಣ್ಣ ಇಳಿದ. ನಾಚಿಕೆಗೋ ಏನೋ, ಆಮೇಲೆ ಅವನಷ್ಟು ಕೆಲಸ ಯಾರೂ ಮಾಡಲಿಲ್ಲ. ಬಸಳೆಯನ್ನು ಕುಂಡಗಳಿಗೆ ಎತ್ತಿ ಬೇಲಿಯ ಹತ್ತಿರ ಇಟ್ಟೆವು. ಕೊಳೆತ ಚೌಕಟ್ಟನ್ನೆಲ್ಲ ಕಿತ್ತು ರಾಶಿ ಹಾಕಿದೆವು. ಮನೆಯ ಸುತ್ತಲೂ, ಒಳಗೆ ಪ್ರತಿ ಕಂಬದ ಬುಡಕ್ಕೂ ಅರ್ಧ ಅಡಿಯ ಕಾಲುವೆ ತೋಡಿದೆವು. ಔಷಧ ಮಾತ್ರ ಆಂಟಿಯೇ ಹಾಕಿದರು, ನಮ್ಮನ್ನೆಲ್ಲ ರಸ್ತೆಯಾಚೆ ನಿಲ್ಲಿಸಿ. ಅದಕ್ಕೂ ಮೊದಲು ಅಣ್ಣ ಒಮ್ಮೆ ಸ್ಕ್ರೂಡ್ರೈವರ್ ಇಸಿದುಕೊಂಡು ಮನೆಯಡಿ ತೆವಳಿ ಹೋಗಿದ್ದ. ಅಲ್ಲಿಂದ ಅವನ ದನಿ, ಚಿಕ್ಕಂದಿನಲ್ಲಿ ಮಾವಿನಕಾಯಿ ಕದ್ದಾಗಿನ ದನಿ: "ಗಟ್ಟಿ ಇದೆ ಕಣೇ! ಬಾ ಇಲ್ಲಿ, ನೀನೇ ಕೇಳು!" ನಾನೂ ತೂರಿದೆ. ನನ್ನ ಮನೆಯ ಅಡಿಯಲ್ಲಿ ನಾನು, ಅಣ್ಣ ಅಂಗಾತ ಮಲಗಿ ತೊಲೆಗಳನ್ನು ಬಡಿಯುತ್ತಿದ್ದೆವು. ಮೇಲಿನಿಂದ ಅಮ್ಮ, "ಸಾಕ್ ಬನ್ರೋ, ಅನ್ನ ಆರೋಗತ್ತೆ" ಎಂದು ಕೂಗುತ್ತಿದ್ದಳು.

ಭಾನುವಾರ ಆಂಟಿಯ ಪರಿಚಯದ ಬಡಗಿಯೊಬ್ಬ ಬಂದು ತೊಲೆಯ ತುಂಡು ಬದಲಿಸಿದ. ಹೊಸ ಸ್ಕರ್ಟಿಂಗಿಗೆ ಮರದ ಬದಲು ಲೋಹದ ಚೌಕಟ್ಟು, ಗಾಳಿಯಾಡಲು ಅಲ್ಲಲ್ಲಿ ಜಾಲರಿ. ಬುಡದ ಮಣ್ಣು ಕೆಳಗಿಳಿದು ಎಲ್ಲ ಕಣ್ಣಿಗೆ ಕಾಣುವಂತಾಯಿತು. "ತಿಂಗಳಿಗೊಮ್ಮೆ ಮನಿ ಸುತ್ತ ಒಂದ ಸುತ್ತ ಹಾಕಿ ಬುಡ ನೋಡು. ದೇವರಿಗೆ ಹಾಕೂ ಪ್ರದಕ್ಷಿಣಿಯೊಳಗ ಒಂದ ಮನಿಗೆ ಹಾಕು" ಎಂದರು ಆಂಟಿ. ಮ್ಯಾನೇಜರ್ ಬಂದು ಸುತ್ತಲೂ ನೋಡಿ, ನೋಟಿಸನ್ನು ತಾನೇ ಬಾಗಿಲಿನಿಂದ ಕಿತ್ತು ಜೇಬಿಗೆ ಹಾಕಿಕೊಂಡಳು.

ಅಣ್ಣ ಖಾಲಿ ಗಾಡಿಯಲ್ಲೇ ಹಿಂದಿರುಗಿದ. ಹೊರಡುವ ಮುಂಚೆ ಹೊರಗಿನ ನಲ್ಲಿಯಲ್ಲಿ ಕೈ ತೊಳೆಯುತ್ತ, "ಹತ್ತು ವರ್ಷದಿಂದ ನನ್ನ ಮನೇಲಿದೀನಿ, ಅದರ ತಳ ಹೇಗಿದೆ ಅಂತ ಒಂದಿನಾನೂ ನೋಡಿಲ್ಲ ಕಣೇ" ಎಂದ. ಮಹಡಿಯ ರೂಮಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಮುಂದಿನ ತಿಂಗಳು ಆಂಟಿಯನ್ನು ಸೌತ್‌ಲೇಕಿಗೆ ಕರೆಸಿಕೊಂಡ ಸುದ್ದಿ ಅತ್ತಿಗೆಯಿಂದ ತಿಳಿಯಿತು.

ಕಳೆದ ಡಿಸೆಂಬರಿನಲ್ಲಿ ಆಂಟಿ ಲೈಸೆನ್ಸ್ ಹಿಂದಿರುಗಿಸಿದರು. "ತಲಿ ಹೂಂ ಅಂತದ, ಮಂಡಿ ಒಲ್ಲೆ ಅಂತಾವ. ಒಳಗ ಹೋಗ್ತೀನಿ, ಹೊರಗ ಬರೂದ ಆಗೂದಿಲ್ಲ. ಹೋದ ತಿಂಗಳ ಒಬ್ಬರು ಕಾಲ ಹಿಡದ ಎಳದರು" ಎಂದು ಹೇಳಿ ತಾವೇ ನಕ್ಕರು. ಕ್ಲಿಯರ್ ಲೇಕಿನಲ್ಲಿ ಅವರಿಗೊಂದು ಊಟ ಏರ್ಪಾಡಾಗಿತ್ತು. ಅವತ್ತು ಯಜಮಾನರೇ ಎದ್ದು ನಿಂತು, "ನನ್ನ ಹೆಂಡತಿ ಮೂವತ್ತು ವರ್ಷ ಮಂದಿಯ ಮನಿ ಉಳಿಸ್ಯಾಳ" ಎಂದರು. ಅಷ್ಟು ಹೇಳಿ ಕೂತರು. ಆಂಟಿ ತಲೆ ತಗ್ಗಿಸಿ ರೇಷ್ಮೆ ಸೀರೆಯ ಸೆರಗು ಸರಿಪಡಿಸಿಕೊಂಡರು.

ಈ ಮಾರ್ಚಿನಲ್ಲಿ ಒಂದು ಬೆಳಗ್ಗೆ ಮಳೆ ಬಿದ್ದು ನಿಂತು, ಹನ್ನೊಂದರ ಹೊತ್ತಿಗೆ ಚುರುಕು ಬಿಸಿಲು ಬಂತು. ಅಮ್ಮ ಹೊರಗಿನಿಂದ ಚೀರಿದಳು. ಹೋಗಿ ನೋಡಿದರೆ ಗಾಳಿಯ ತುಂಬ ರೆಕ್ಕೆ. ಸಾವಿರಾರು ಗೆದ್ದಲು ರೆಕ್ಕೆ ಬಂದು, ಹೊಗೆಯಂತೆ ಸುತ್ತಿ ಸುತ್ತಿ ಮೇಲೇಳುತ್ತಿದ್ದವು. ಆಂಟಿಗೆ ವೀಡಿಯೊ ಕಾಲ್ ಮಾಡಿದೆ.

"ಮನಿ ಬುಡದಿಂದ ಏಳಾಕತ್ತಾವೋ, ಹೊರಗಿಂದೋ? ಅಂಜಬ್ಯಾಡ, ಸುತ್ತ ನೋಡಿ ಹೇಳು."

ಮಂಡಿಯೂರಿ ಮನೆಯ ಬುಡವನ್ನು ಒಂದು ಸುತ್ತು ನೋಡಿದೆ. ಒಂದು ಹುಳುವಿಲ್ಲ. ಎಲ್ಲವೂ ಬೇಲಿಯಾಚೆಯ ಹಳೆಯ ಮರದ ಬೊಡ್ಡೆಯಿಂದ ಬರುತ್ತಿದ್ದವು.

"ಹೊರಗಿಂದ ಆಂಟಿ. ಬೇಲಿ ಆಚೆಯಿಂದ."

"ಖರೇನ?"

"ಖರೇ. ಮಣ್ಣಲ್ಲಿ ಕೂತು ನೋಡಿದೀನಿ."

ಆ ಕಡೆ ಅವರು ಮಂಡಿಗೆ ಐಸ್ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಮುಖ ಪರದೆಯ ತುಂಬ ಹತ್ತಿರ ಬಂತು.

"ಹಂಗಾರ ಕಿಟಕಿ ಹಾಕಿ ಹೊರಗ ನಿಂತ ನೋಡ್ರಿ. ವರ್ಷಕ್ಕೊಮ್ಮೆ, ಒಂದ ತಾಸು ಅಷ್ಟ. ಕತ್ತಲಾಗ ಹುಟ್ಟಿ ಕತ್ತಲಾಗ ಬೆಳದವು, ಇವತ್ತ ಬಿಸಲ ನೋಡ್ತಾವ. ಏನ್ ಚಂದ ಹಾರ್ತಾವ! ನನಗೂ ತೋರಸವಾ. ಫೋನ್ ಮ್ಯಾಲ ಎತ್ತು."

ಎತ್ತಿದೆ.

"ಇನ್ನೂ ಮ್ಯಾಲ."

ತುದಿಗಾಲಲ್ಲಿ ನಿಂತು ಕೈ ಪೂರ್ತಿ ಚಾಚಿದೆ. ಫೋನಿನಿಂದ ಚಿಕ್ಕ ಹುಡುಗಿಯಂತೆ "ಆಹಾ, ಆಹಾ" ಎಂಬ ದನಿ ಬರುತ್ತಲೇ ಇತ್ತು. ನನ್ನ ತೋಳು ಸೋತಾಗ ಅಮ್ಮ ಬಂದು ಮೊಣಕೈಗೆ ತನ್ನ ಕೈ ಕೊಟ್ಟು ಮೇಲೆತ್ತಿ ಹಿಡಿದಳು.